ಹಳೆಯ ಪಿಸ್ತೂಲು, ರಿವಾಲ್ವರ್‌ಗಳ ಸಂಗ್ರಹದ ಫೋಟೊ ತೆಗೆಯುವುದು ಹೇಗೆ

ಕ್ಯಾಮೆರಾ ಮುಟ್ಟುವ ಮುನ್ನ ಪ್ರತಿಯೊಂದು ಆಯುಧವೂ ಖಾಲಿಯಿದೆಯೇ ಎಂದು ನೋಡಿ. ಫೋಟೊ ತೆಗೆಯುವ ಕೋಣೆಯಲ್ಲಿ ಒಂದು ಗುಂಡೂ ಇರಬಾರದು. ಕೋಲ್ಟ್ 1911, ವಾಲ್ಥರ್ ಪಿಪಿಕೆ ಥರದ ಪಿಸ್ತೂಲಿನಲ್ಲಿ ಮೊದಲು ಮ್ಯಾಗಜೀನ್ (ಗುಂಡು ತುಂಬಿಡುವ ಪೆಟ್ಟಿಗೆ) ತೆಗೆದು, ಆಮೇಲೆ ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದಕ್ಕೆಳೆದು ಚೇಂಬರ್ (ನಳಿಗೆಯ ಹಿಂದೆ ಗುಂಡು ಕೂರುವ ಮನೆ) ನೋಡಬೇಕು. ಈ ಕ್ರಮ ಹಿಂದುಮುಂದಾದರೆ ಚೇಂಬರಿನ ಗುಂಡು ಹೊರಬಿದ್ದ ಕೂಡಲೇ ಮ್ಯಾಗಜೀನಿನಿಂದ ಇನ್ನೊಂದು ಒಳಸೇರುತ್ತದೆ. ಸಾಮಾನ್ಯ ಮೌಸರ್ ಸಿ96ರ ಮ್ಯಾಗಜೀನ್ ಟ್ರಿಗರಿನ ಮುಂದೆ ಕೂಡಿಕೊಂಡೇ ಇರುತ್ತದೆ, ಕಳಚಿ ಬರುವುದಿಲ್ಲ. ಅಲ್ಲಿ ಬೋಲ್ಟ್ ಪೂರ್ತಿ ಹಿಂದಕ್ಕೆಳೆದು ಚೇಂಬರನ್ನೂ ಮ್ಯಾಗಜೀನನ್ನೂ ಮೇಲಿನಿಂದ ನೋಡಿ.

1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ರಿವಾಲ್ವರಿನಲ್ಲಿ ಹಿಂಬದಿಯ ಹ್ಯಾಮರನ್ನು ಅರ್ಧದವರೆಗೆ ಎಳೆದು, ಲೋಡಿಂಗ್ ಗೇಟ್ (ಗುಂಡು ತುಂಬುವ ಚಿಕ್ಕ ಬಾಗಿಲು) ತೆರೆದು, ಸಿಲಿಂಡರಿನ ಆರೂ ಮನೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ. ಮುಗಿದ ಮೇಲೆ ಹ್ಯಾಮರನ್ನು ಪೂರ್ತಿ ಹಿಂದಕ್ಕೆಳೆದು, ಹೆಬ್ಬೆರಳಿನಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಇಳಿಸಬೇಕು. ಅರ್ಧದಿಂದಲೇ ಇಳಿಸಿದರೆ ಸಿಲಿಂಡರಿನ ಮೇಲೆ ಸುತ್ತ ಗೆರೆ ಬೀಳುತ್ತದೆ, ಆ ಗೆರೆ ಮತ್ತೆ ಹೋಗುವುದಿಲ್ಲ. ಪಕ್ಕಕ್ಕೆ ತೆರೆದುಕೊಳ್ಳುವ ಸಿಲಿಂಡರನ್ನು ಸಿನಿಮಾದಲ್ಲಿ ತೋರಿಸುವಂತೆ ಮಣಿಕಟ್ಟು ಝಾಡಿಸಿ ಮುಚ್ಚಬೇಡಿ. ಸಿಲಿಂಡರನ್ನು ಹೊತ್ತ ಲೋಹದ ತೋಳು ಬಾಗುತ್ತದೆ.

ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನ ಉಪ್ಪು ಬ್ಲೂಯಿಂಗ್ ಮಾಡಿದ (ಮೇಲ್ಮೈಗೆ ಕಡುನೀಲಿ ಬಣ್ಣ ಬರಿಸಿದ) ಉಕ್ಕನ್ನು ತುಕ್ಕು ಹಿಡಿಸುತ್ತದೆ, ಬೆರಳ ಗುರುತು ಫೋಟೊದಲ್ಲೂ ಎದ್ದು ಕಾಣುತ್ತದೆ. ನೈಟ್ರೈಲ್ ಕೈಗವಸು ಸಾಕು. ಹತ್ತಿಯದು ಜಾರುತ್ತದೆ, ನೂಲನ್ನೂ ಬಿಡುತ್ತದೆ. ಎಣ್ಣೆಯನ್ನು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ತೀರ ತೆಳುವಾಗಿ ಉಳಿಸಿ, ಹೆಚ್ಚಾದರೆ ಬೆಳಕು ಅದರ ಮೇಲೆ ಗೆರೆಗೆರೆಯಾಗಿ ಹೊಳೆಯುತ್ತದೆ. ಸ್ಕ್ರೂಗಳ ಸಂದಿಯಲ್ಲಿರುವ ಧೂಳನ್ನು ಮೃದು ಬ್ರಷ್‌ನಿಂದ ತೆಗೆಯಿರಿ. ಪಾಲಿಷ್ ಮಾತ್ರ ಹಾಕಲೇಬೇಡಿ. ಹಳೆಯ ಮೇಲ್ಮೈಯ ಬೆಲೆಯೇ ಅದರ ಹಳೆತನದಲ್ಲಿದೆ.

ಇನ್ನು ಬೆಳಕು. ಶ್ರಮವೆಲ್ಲ ಇಲ್ಲೇ ಸಲ್ಲಬೇಕು. ನಯವಾದ ಲೋಹ ಕನ್ನಡಿಯ ಹಾಗೆ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಎದುರಿಗೆ ಬರಿಯ ಬಲ್ಬ್ ಇದ್ದರೆ ನಳಿಗೆಯುದ್ದಕ್ಕೂ ಕಣ್ಣು ಕುಕ್ಕುವ ಒಂದು ಬಿಳಿ ಗೆರೆ, ಉಳಿದದ್ದೆಲ್ಲ ಕಪ್ಪು. ಆದ್ದರಿಂದ ಲೋಹಕ್ಕೆ ದೊಡ್ಡದೊಂದು ಬಿಳಿ ಮೈ ಕಾಣುವಂತೆ ಮಾಡಬೇಕು. ಸುಮಾರು 60×90 ಸೆಂ.ಮೀ. ಚೌಕಟ್ಟಿಗೆ ಟ್ರೇಸಿಂಗ್ ಪೇಪರ್ ಬಿಗಿದು, ಆಯುಧದ ಹಿಂಬದಿಯಲ್ಲಿ ಮೇಲೆ, ತುಸು ನಿಮ್ಮ ಕಡೆಗೆ ಬಾಗಿಸಿ ನಿಲ್ಲಿಸಿ. ದೀಪ ಅದರಾಚೆ ಅರ್ಧ ಮೀಟರ್ ದೂರದಲ್ಲಿರಲಿ. ದೀಪವನ್ನು ಕಾಗದಕ್ಕೆ ಹತ್ತಿರ ತಂದರೆ ನಡುವೆ ಬೆಳಕಿನ ಚುಕ್ಕೆ ಮೂಡುತ್ತದೆ, ದೂರ ಒಯ್ದರೆ ಹಾಳೆಯೆಲ್ಲ ಒಂದೇ ಸಮ ಬೆಳಗುತ್ತದೆ. ಹತ್ತಿರದ ಬದಿಯ ನೆರಳು ತುಂಬಲು ಬಿಳಿ ಥರ್ಮೋಕೋಲ್ ತುಂಡೊಂದು ಸಾಕು.

ನಿಕಲ್ ಲೇಪವಿದ್ದರೆ ಸಮಸ್ಯೆ ತಲೆಕೆಳಗು. ಸುತ್ತ ಬಿಳಿಯೇ ಇದ್ದರೆ ಅಂಚುಗಳು ಹಿನ್ನೆಲೆಯಲ್ಲಿ ಕರಗಿಹೋಗುತ್ತವೆ. ಫೋಟೊದ ಚೌಕಟ್ಟಿನ ಹೊರಗೆ ಎರಡು ಬದಿಯಲ್ಲೂ ಕಪ್ಪು ರಟ್ಟಿನ ಪಟ್ಟಿ ನಿಲ್ಲಿಸಿ. ಅದರ ಪ್ರತಿಬಿಂಬ ಅಂಚಿಗೆ ಕಾಡಿಗೆ ತೀಡಿದಂತೆ ಕೂರುತ್ತದೆ. ನೀವು ತೊಟ್ಟ ಅಂಗಿಯೂ ನಿಕಲ್ಲಿನಲ್ಲಿ ಕಾಣುತ್ತದೆ, ಕಪ್ಪು ಅಂಗಿ ಹಾಕಿಕೊಳ್ಳಿ. ಪೋಲರೈಸರ್ (ಹೊಳಪು ತಗ್ಗಿಸುವ ಲೆನ್ಸ್ ಫಿಲ್ಟರ್) ಹಾಕಿದರೆ ಎಲ್ಲ ಸರಿಹೋದೀತೆಂದು ಹಲವರು ನಂಬುತ್ತಾರೆ. ಹಿಡಿಯ ವಾರ್ನಿಷ್ ಹೊಳಪನ್ನು ಅದು ತಗ್ಗಿಸುತ್ತದೆ ನಿಜ, ಆದರೆ ಬರಿ ಲೋಹದ ಪ್ರತಿಬಿಂಬವನ್ನು ಲೆನ್ಸ್ ಮೇಲಿನ ಪೋಲರೈಸರ್ ಒಂದೇ ಅಳಿಸಲಾರದು.

ಹಿನ್ನೆಲೆಗೆ ಮಧ್ಯಮ ಬೂದು ಬಣ್ಣದ ಕಾಗದ ಒಳ್ಳೆಯದು. ಕಡುನೀಲಿ ಉಕ್ಕು ಕಪ್ಪು ಬಟ್ಟೆಯಲ್ಲಿ ಮುಳುಗುತ್ತದೆ, ಬಿಳಿ ಕಾಗದದಲ್ಲಿ ನೆರಳುಗೊಂಬೆಯಾಗುತ್ತದೆ. ರಿವಾಲ್ವರ್ ಮಲಗಿಸಿದಾಗ ಸಿಲಿಂಡರ್ ಉಬ್ಬಿರುವುದರಿಂದ ನಳಿಗೆ ಒಂದೆಡೆಗೆ ವಾಲುತ್ತದೆ. ಬಟ್ಟೆ ಸುತ್ತಿದ ಚಿಕ್ಕ ಮರದ ತುಂಡುಗಳನ್ನು ಕಾಣದಂತೆ ಅಡಿಯಲ್ಲಿಟ್ಟು, ಇಡೀ ಮೈ ಕ್ಯಾಮೆರಾಕ್ಕೆ ಸಮಾನಾಂತರವಾಗುವಂತೆ ಹೊಂದಿಸಿ.

ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85ರಿಂದ 105 ಮಿ.ಮೀ. ಲೆನ್ಸ್ ಹಾಕಿ. ಫೋನಾದರೆ ಟೆಲಿ ಲೆನ್ಸ್ ಆರಿಸಿ ದೂರ ಸರಿಯಿರಿ. ಅಗಲ ಲೆನ್ಸಿನಲ್ಲಿ ಹತ್ತಿರ ಹೋದರೆ ಕ್ಯಾಮೆರಾದ ಕಡೆಗಿರುವ ಭಾಗ ಅಳತೆ ಮೀರಿ ದಪ್ಪಗೆ ಕಾಣುತ್ತದೆ. ಟ್ರೈಪಾಡ್, ಐಎಸ್‌ಒ 100, ಲೆನ್ಸಿನ ತೆರವು ಎಫ್/8ರಿಂದ ಎಫ್/11, 2 ಸೆಕೆಂಡಿನ ಟೈಮರ್. ಎಫ್/22ಕ್ಕೆ ಕಿರಿದಾಗಿಸಿದರೆ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಚಿತ್ರವೆಲ್ಲ ಮೆತ್ತಗಾಗುತ್ತದೆ. ಸ್ಪಷ್ಟವಾಗಿ ಕಾಣುವ ಆಳ ಸಾಲದಿದ್ದರೆ ಫೋಕಸ್ ಸರಿಸುತ್ತ ಐದಾರು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿ. ಕಿಟಕಿ ಬೆಳಕನ್ನೂ ದೀಪವನ್ನೂ ಬೆರೆಸಬೇಡಿ. ಮೊದಲ ಫೋಟೊದಲ್ಲಿ ಗ್ರೇ ಕಾರ್ಡ್ (ಬಣ್ಣ ಸರಿಹೊಂದಿಸಲು ಬಳಸುವ ಬೂದು ರಟ್ಟು) ಇಟ್ಟು, ರಾ (ಕ್ಯಾಮೆರಾ ತಿದ್ದದ ಮೂಲ) ಫೈಲ್‌ನಲ್ಲೇ ತೆಗೆಯಿರಿ. ವೈಟ್ ಬ್ಯಾಲೆನ್ಸ್ ತಪ್ಪಿದರೆ ಬ್ಲೂಯಿಂಗಿನ ನೀಲಿ ಕಂದಾಗುತ್ತದೆ, ಉಕ್ಕಿನ ಮೇಲ್ಮೈ ಗಟ್ಟಿಗೊಳಿಸುವ ಕೇಸ್ ಹಾರ್ಡನಿಂಗ್‌ನ ಚಿತ್ತಾರದ ಬಣ್ಣಗಳು ಸುಳ್ಳು ಹೇಳುತ್ತವೆ.

ಕ್ರಮಸಂಖ್ಯೆ, ಪರೀಕ್ಷಾ ಮುದ್ರೆ (ಆಯುಧವನ್ನು ಪರೀಕ್ಷಿಸಿ ಒತ್ತಿದ ಗುರುತು), ಕೆತ್ತನೆಗಳಿಗೆ ಈ ಮೃದು ಬೆಳಕು ಸಲ್ಲದು. ಚಿಕ್ಕ ಟಾರ್ಚೊಂದನ್ನು ಮೇಲ್ಮೈಗೆ 10–15 ಡಿಗ್ರಿ ಕೋನದಲ್ಲಿ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ಬರುತ್ತದೆ. ಅಕ್ಷರದೊಳಗೆ ಸೀಮೆಸುಣ್ಣ ತುಂಬುವ ಉಪಾಯ ಬೇಡ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಒಂದೊಂದಕ್ಕೂ ಎಡ, ಬಲ, ಮೇಲು, ಮುದ್ರೆಗಳು, ಹಿಡಿಯ ಸವೆತ, ಜೊತೆಗೆ ಅಳತೆಪಟ್ಟಿ ಇಟ್ಟ ಒಂದು ಫೋಟೊ ಇರಲಿ. ನಳಿಗೆಯ ಬಾಯಿಯ ಫೋಟೊ ಬೇಕಿದ್ದರೆ ಟೈಮರ್ ಹಾಕಿ ಪಕ್ಕಕ್ಕೆ ಸರಿದು ನಿಲ್ಲಿ. ಖಾಲಿಯೆಂದು ಖಚಿತವಾದ ಮೇಲೂ ಅದರ ಎದುರು ಕೂರಬಾರದು.

ಹಂಚಿಕೊಳ್ಳುವ ಪ್ರತಿಯಲ್ಲಿ ಕ್ರಮಸಂಖ್ಯೆಯ ಕೊನೆಯ ಅಂಕಿಗಳನ್ನು ಮರೆಮಾಡಿ, ಫೈಲಿನಲ್ಲಿರುವ ಸ್ಥಳದ ಮಾಹಿತಿ ಅಳಿಸಿ. ಪೂರ್ತಿ ಸಂಖ್ಯೆಯಿರುವ ಮೂಲವನ್ನು ವಿಮೆಗೂ ದಾಖಲೆಗೂ ಬೇರೆ ಕಡೆ ಇಟ್ಟುಕೊಳ್ಳಿ. ಕೊನೆಗೆ ಪ್ರತಿಯೊಂದಕ್ಕೂ ತೆಳುವಾಗಿ ಎಣ್ಣೆ ಸವರಿ ಬೀಗ ಹಾಕಿದ ಕಪಾಟಿನಲ್ಲಿಡಿ. ಜೊತೆಗೆ ಬಂದ ತೊಗಲಿನ ಚೀಲವನ್ನು ಪಕ್ಕದಲ್ಲಿಡಬಹುದು, ಅದರೊಳಗೆ ಮಾತ್ರ ಇಡಬೇಡಿ. ತೊಗಲು ತೇವ ಹೀರಿಕೊಂಡು ಉಕ್ಕಿಗೆ ತುಕ್ಕು ಹತ್ತಿಸುತ್ತದೆ.