ಎರಡು ನಿಮಿಷ ತಡವಾಗಿ ‘ಲೈವ್’

ಗೇಮಿಂಗ್ ಟೂರ್ನಿಯ ಪ್ರಸಾರ ನೋಡುವವರಿಗೆ ಎಲ್ಲವೂ ಕಾಣುತ್ತದೆ. ಯಾರು ಯಾವ ಗೋಡೆಯ ಹಿಂದೆ ಅಡಗಿದ್ದಾರೆ, ಯಾರ ಕೈಯಲ್ಲಿ ಯಾವ ಗನ್ ಇದೆ, ಬಾಂಬ್ ಯಾರ ಹತ್ತಿರ ಇದೆ, ಎಲ್ಲ. ಆಡುವವರಿಗೆ ಮಾತ್ರ ಇದು ಗೊತ್ತಾಗಬಾರದು. ಆದರೆ ಆನ್‌ಲೈನ್ ಟೂರ್ನಿಯಲ್ಲಿ ಆಟಗಾರ ಕೂತಿರುವುದು ತನ್ನ ಮನೆಯಲ್ಲಿ. ಪಕ್ಕದಲ್ಲೇ ಫೋನ್ ಇರುತ್ತದೆ. ಅದರಲ್ಲಿ ಆಯೋಜಕರಾದ ನಿಮ್ಮದೇ ಸ್ಟ್ರೀಮ್ (ಇಂಟರ್‌ನೆಟ್ ನೇರ ಪ್ರಸಾರ) ಹಾಕಿಕೊಂಡರೆ ಎದುರಾಳಿಯ ಗುಟ್ಟೆಲ್ಲ ರಟ್ಟು. ಇದಕ್ಕೆ ಸ್ಟ್ರೀಮ್ ಸ್ನೈಪಿಂಗ್ ಅನ್ನುತ್ತಾರೆ. ಗೆಳೆಯನೊಬ್ಬ ನೋಡಿಕೊಂಡು ಕಿವಿಯಲ್ಲಿ ಊದಿದರೆ ಅದು ಘೋಸ್ಟಿಂಗ್.

ಪ್ರತಿಯೊಬ್ಬ ಆಟಗಾರನ ಮೇಲೆ ಕಣ್ಣಿಡಲು ಆಗುವುದಿಲ್ಲ. ಅದಕ್ಕೇ ಪ್ರಸಾರವನ್ನು ತಡಮಾಡಿ ಬಿಡುವುದು ವಾಡಿಕೆ. ಫೋನಿನಲ್ಲಿ ಕಾಣುವುದೆಲ್ಲ ತಂಗಳು ಸುದ್ದಿಯಾದರೆ ಕದ್ದು ನೋಡಿ ಲಾಭವೇನು?

ಎಷ್ಟು ತಡ ಸಾಕು?

ಇದು ಆಟದ ಮೇಲೆ ಹೋಗುತ್ತದೆ. ಕೌಂಟರ್-ಸ್ಟ್ರೈಕ್ ಎಂಬ ಗುಂಡಿನ ಕಾಳಗದ ಆಟದ ಸ್ಪರ್ಧೆಗಳಲ್ಲಿ ಒಂದು ಸುತ್ತಿಗೆ 1 ನಿಮಿಷ 55 ಸೆಕೆಂಡ್. ಬಾಂಬ್ ಇಟ್ಟ ಮೇಲೆ ಇನ್ನೂ 40 ಸೆಕೆಂಡ್. ಅಂಥದ್ದೇ ವ್ಯಾಲರಂಟ್‌ನಲ್ಲಿ ಸುತ್ತಿಗೆ 100 ಸೆಕೆಂಡ್, ಸ್ಪೈಕ್‌ಗೆ (ಅಲ್ಲಿನ ಬಾಂಬ್‌ಗೆ) 45. ಇಂಥ ಆಟಗಳಲ್ಲಿ ಒಬ್ಬ ಎಲ್ಲಿ ನಿಂತಿದ್ದಾನೆ ಅನ್ನುವುದು ಅರ್ಧ ನಿಮಿಷಕ್ಕೇ ಹಳೆಯದಾಗುತ್ತದೆ. ಆದರೆ ಆಯುಧ ಕೊಳ್ಳಲು ಎದುರಾಳಿಯ ಕೈಯಲ್ಲಿ ಎಷ್ಟು ಆಟದ ಹಣ ಉಳಿದಿದೆ ಅನ್ನುವುದು ಮುಂದಿನ ಸುತ್ತಿಗೂ ಉಪಯೋಗಕ್ಕೆ ಬರುತ್ತದೆ. ಹಾಗಾಗಿ 2 ನಿಮಿಷಕ್ಕಿಂತ ಕಡಿಮೆ ಬೇಡ, 3 ಇದ್ದರೆ ನೆಮ್ಮದಿ. ತಂತ್ರದ ಆಟ, ಬ್ಯಾಟಲ್ ರಾಯಲ್ (ಕೊನೆಗೆ ಉಳಿದವರೇ ಗೆಲ್ಲುವ ಆಟ) ಆದರೆ ನಾನು 5 ನಿಮಿಷ ಅನ್ನುತ್ತೇನೆ. ಅಲ್ಲಿ ಒಂದು ತಂಡ ಎಲ್ಲಿ ಬೀಡುಬಿಟ್ಟಿದೆ, ಏನು ಕಟ್ಟುತ್ತಿದೆ ಅನ್ನುವುದು ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಚೆಸ್‌ನಲ್ಲಂತೂ ಇನ್ನೂ ಜಾಸ್ತಿ. 2022ರ ಸಿಂಕ್‌ಫೀಲ್ಡ್ ಕಪ್ ಟೂರ್ನಿಯಿಂದ ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಹಿಂದೆ ಸರಿದ ದಿನ, ಆಯೋಜಕರು ಪ್ರಸಾರವನ್ನು 15 ನಿಮಿಷ ತಡಮಾಡಿದ್ದರು.

ಯೂಟ್ಯೂಬ್, ಟ್ವಿಚ್‌ನಂಥ ಪ್ರಸಾರ ತಾಣಗಳು ಹೇಗೂ ಕೆಲವು ಸೆಕೆಂಡ್ ತಡವಾಗಿಯೇ ತೋರಿಸುತ್ತವಲ್ಲ, ಅದು ಸಾಲದೇ ಅಂತ ಕೇಳುವವರಿದ್ದಾರೆ. ಸಾಲದು. ಲೋ ಲೇಟೆನ್ಸಿ (ಕಡಿಮೆ ತಡದ ಆಯ್ಕೆ) ಹಾಕಿದ್ದರೆ ಆ ತಡ ಬೆರಳೆಣಿಕೆಯ ಸೆಕೆಂಡಿಗೆ ಇಳಿಯುತ್ತದೆ.

ತಡವನ್ನು ಎಲ್ಲಿ ಇಡಬೇಕು?

ಹೆಚ್ಚಿನವರು ಎಡವುವುದು ಇಲ್ಲೇ. ಎಷ್ಟು ಸೆಕೆಂಡ್ ಅಂತ ತಲೆ ಕೆಡಿಸಿಕೊಳ್ಳುತ್ತಾರೆ, ಎಲ್ಲಿ ಅಂತ ಯೋಚಿಸುವುದಿಲ್ಲ. ತಡ ಇಡಬಹುದಾದ ಜಾಗ ಮೂರು: ಆಟದೊಳಗೆ, ಪ್ರಸಾರದ ಸಾಫ್ಟ್‌ವೇರಿನಲ್ಲಿ, ಇಲ್ಲವೇ ಯೂಟ್ಯೂಬ್‌ನಂಥ ತಾಣದಲ್ಲಿ.

ಡೋಟಾ 2 ಆಟದಲ್ಲಿ ಲಾಬಿ (ಪಂದ್ಯದ ಕೋಣೆ) ಮಾಡುವಾಗಲೇ ಡೋಟಾ ಟಿವಿ (ಆಟದೊಳಗೇ ಪಂದ್ಯ ತೋರಿಸುವ ವ್ಯವಸ್ಥೆ) ಎಷ್ಟು ತಡವಾಗಿರಬೇಕು ಅಂತ ಆರಿಸಬಹುದು. ಕೌಂಟರ್-ಸ್ಟ್ರೈಕ್ ಸರ್ವರ್‌ಗೆ ‘ಟಿವಿ_ಡಿಲೇ’ ಎಂಬ ಕಮಾಂಡ್ ಇದೆ, ಪಕ್ಕದಲ್ಲಿ ಸೆಕೆಂಡ್ ಬರೆದರೆ ಆಯಿತು. ಇದರ ಒಳ್ಳೆಯ ಗುಣವೆಂದರೆ, ಆ ಟಿವಿ ಮೂಲಕ ನೋಡುವ ಅಬ್ಸರ್ವರ್‌ಗೂ (ಪ್ರಸಾರಕ್ಕೆ ಆಟದ ದೃಶ್ಯ ಆರಿಸುವವರು) ಕಾಸ್ಟರ್‌ಗೂ (ವೀಕ್ಷಕ ವಿವರಣೆಗಾರರು) ತಂಗಳು ಆಟವೇ ಕಾಣುತ್ತದೆ. ಅವರಿಂದ ಸುದ್ದಿ ಸೋರುವ ಪ್ರಶ್ನೆಯೇ ಇಲ್ಲ. ತೊಂದರೆ ಬರುವುದು ಆಟಗಾರರ ಮುಖ ತೋರಿಸಲು ಹೋದಾಗ. ಕ್ಯಾಮೆರಾ ಈಗಿನದು, ಆಟ ಎರಡು ನಿಮಿಷದ ಹಿಂದಿನದು. ತೆರೆಯ ಮೇಲೆ ಇನ್ನೂ ಗುಂಡಿನ ಸುರಿಮಳೆ, ಮೂಲೆಯ ಚೌಕದಲ್ಲಿ ಆಟಗಾರ ಆಗಲೇ ಕುಣಿಯುತ್ತಿರುತ್ತಾನೆ!

ತಾಣದಲ್ಲಿ ಇಡುವುದು ಸುಲಭ. ಯೂಟ್ಯೂಬ್‌ನ ಲೈವ್ ಕಂಟ್ರೋಲ್ ರೂಮ್‌ನಲ್ಲಿ 30 ಅಥವಾ 60 ಸೆಕೆಂಡ್ ಸೇರಿಸಬಹುದು. ಅಷ್ಟೇ, ಟೂರ್ನಿಗೆ ಇದೊಂದೇ ಸಾಲದು.

ನನ್ನ ಆಯ್ಕೆ ನಡುವಿನದು. ಪ್ರಸಾರದ ಸಾಫ್ಟ್‌ವೇರಿನ ಕೊನೆಯ ಬಾಗಿಲಲ್ಲಿ ತಡ ಇಟ್ಟರೆ ಆಟ, ಕಾಸ್ಟರ್‌ಗಳ ಮಾತು, ಕ್ಯಾಮೆರಾ, ಸ್ಕೋರ್ ಪಟ್ಟಿ ಎಲ್ಲವೂ ಒಟ್ಟಿಗೇ ತಡವಾಗಿ ಹೊರಗೆ ಹೋಗುತ್ತವೆ. ಒಂದಕ್ಕೊಂದು ಹೊಂದಿಸುವ ಪೇಚಾಟವಿಲ್ಲ. ಆದರೆ ಕಾಸ್ಟರ್‌ಗಳು ನೋಡುವುದು ಬಿಸಿಬಿಸಿ ಆಟ. ಆ ಚಿತ್ರದ ಲಿಂಕ್ ಹೊರಗೆ ಹೋಗದ ಹಾಗೆ ನೋಡಿಕೊಳ್ಳುವ ಹೊಣೆ ನಿಮ್ಮದು.

ಒಬಿಎಸ್‌ನಲ್ಲಿ ಮಾಡುವ ಕ್ರಮ

ಒಬಿಎಸ್ ಸ್ಟುಡಿಯೋ ಎಂಬ ಪ್ರಸಾರದ ಸಾಫ್ಟ್‌ವೇರ್ ತೆರೆಯಿರಿ. ಸೆಟ್ಟಿಂಗ್ಸ್‌ಗೆ ಹೋಗಿ ಅಡ್ವಾನ್ಸ್ಡ್ ಒತ್ತಿ. ಸ್ವಲ್ಪ ಕೆಳಗೆ ‘ಸ್ಟ್ರೀಮ್ ಡಿಲೇ’ ಎಂಬ ಭಾಗ ಇರುತ್ತದೆ. ‘ಎನೇಬಲ್’ ಮುಂದೆ ಗುರುತು ಹಾಕಿ, ‘ಡ್ಯುರೇಶನ್’ ಜಾಗದಲ್ಲಿ ಸೆಕೆಂಡ್ ತುಂಬಿ. 3 ನಿಮಿಷ ಬೇಕಾದರೆ 180. ಇದನ್ನು ಪ್ರಸಾರ ಶುರುವಾಗುವ ಮೊದಲೇ ಮಾಡಿಕೊಳ್ಳಿ.

ಅಲ್ಲೇ ‘ಪ್ರಿಸರ್ವ್ ಕಟ್‌ಆಫ್ ಪಾಯಿಂಟ್’ ಎಂಬ ಇನ್ನೊಂದು ಗುರುತಿನ ಚೌಕ ಇದೆ. ನಡುವೆ ಇಂಟರ್‌ನೆಟ್ ಹೋಗಿ ಬಂದರೆ, ಪ್ರಸಾರ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಸಂಪರ್ಕ 20 ಸೆಕೆಂಡ್ ಕಡಿದಿದ್ದರೆ ಒಟ್ಟು ತಡ 20 ಸೆಕೆಂಡ್ ಹೆಚ್ಚುತ್ತದೆ, ನೋಡುಗರಿಗೆ ಆಟ ತಪ್ಪುವುದಿಲ್ಲ. ಟೂರ್ನಿಗೆ ಇದು ಬೇಕೇ ಬೇಕು.

ಕಂಪ್ಯೂಟರ್ ತಾಳೀತೇ ಎಂಬ ಭಯ ಬೇಡ. ಒಬಿಎಸ್ ಕೂಡಿಡುವುದು ಎನ್‌ಕೋಡ್ ಆಗಿ ಸಣ್ಣದಾದ ವಿಡಿಯೊವನ್ನು. ಸೆಕೆಂಡಿಗೆ 6,000 ಕಿಲೋಬಿಟ್ ಲೆಕ್ಕದಲ್ಲಿ 5 ನಿಮಿಷಕ್ಕೆ ಸುಮಾರು 225 ಮೆಗಾಬೈಟ್ ಮೆಮೊರಿ ಸಾಕು. ಫಿಲ್ಟರ್ ಪಟ್ಟಿಯಲ್ಲಿರುವ ‘ರೆಂಡರ್ ಡಿಲೇ’ ನೋಡಿ ಮೋಸ ಹೋಗಬೇಡಿ. ಅದರ ಮಿತಿ ಬರೀ 500 ಮಿಲಿಸೆಕೆಂಡ್. ತುಟಿ ಮತ್ತು ಮಾತನ್ನು ಹೊಂದಿಸಲು ಮಾತ್ರ ಬರುತ್ತದೆ.

ಈಗ ‘ಸ್ಟಾರ್ಟ್ ಸ್ಟ್ರೀಮಿಂಗ್’ ಒತ್ತಿ. ಕೆಳಗಿನ ಪಟ್ಟಿಯಲ್ಲಿ ಸೆಕೆಂಡ್ ಇಳಿಯುತ್ತಾ ಬರುತ್ತದೆ. ಅದು ಮುಗಿಯುವವರೆಗೆ ಹೊರಗಿನವರಿಗೆ ಏನೂ ಕಾಣದು. ಹಾಗಾಗಿ 7 ಗಂಟೆಗೆ ಪ್ರಸಾರ ಅಂತ ಸಾರಿದ್ದರೆ, ‘ಇನ್ನೇನು ಶುರು’ ಎಂಬ ಚಿತ್ರ ಹಾಕಿಕೊಂಡು 6.50ಕ್ಕೇ ಗುಂಡಿ ಒತ್ತಿ.

ಎಷ್ಟು ತಡವಾಗಿದೆ ಅಂತ ಅಂದಾಜಿನಲ್ಲಿ ಬಿಡಬೇಡಿ, ಅಳೆಯಿರಿ. ಸೆಕೆಂಡ್ ತೋರಿಸುವ ಗಡಿಯಾರವೊಂದನ್ನು ಪರೀಕ್ಷೆಗೆಂದು ತೆರೆಯ ಮೇಲೆ ಹಾಕಿ. ಬೇರೆ ಇಂಟರ್‌ನೆಟ್‌ನಲ್ಲಿರುವ ಫೋನಿನಲ್ಲಿ ಸ್ಟ್ರೀಮ್ ತೆರೆಯಿರಿ. ಎರಡೂ ಗಡಿಯಾರ ಒಂದೇ ಫೋಟೊದಲ್ಲಿ ಬರುವಂತೆ ತೆಗೆದು ಕಳೆದರೆ ನಿಜವಾದ ತಡ ಸಿಗುತ್ತದೆ. 180 ಇಟ್ಟಿದ್ದು 190 ಬಂದರೆ ಗಾಬರಿ ಬೇಡ, ಆ ಹತ್ತು ತಾಣದ್ದು. ಆದರೆ ಆಟದೊಳಗೆ ಇಟ್ಟ ತಡ ಈ ಗಡಿಯಾರದಲ್ಲಿ ಕಾಣದು. ಅಲ್ಲೂ ಯಾರಾದರೂ ತಡ ಇಟ್ಟಿದ್ದಾರೆಯೇ ಅಂತ ಬೇರೆಯಾಗಿ ನೋಡಿಕೊಳ್ಳಿ.

ಸೋರುವ ಜಾಗಗಳು

ನಾವು ಸಣ್ಣ ಟೂರ್ನಿಯೊಂದನ್ನು ನಡೆಸಿದಾಗ ವಿಡಿಯೊಗೆ ಜತನದಿಂದ ಮೂರು ನಿಮಿಷ ತಡ ಹಾಕಿದ್ದೆವು. ಪಂದ್ಯ ಬಿಸಿಯೇರುವಷ್ಟರಲ್ಲಿ ಚಾಟ್‌ನಲ್ಲಿ ಯಾರೋ ಫಲಿತಾಂಶ ಬರೆದೇಬಿಟ್ಟರು. ಆಮೇಲೆ ನೋಡಿದರೆ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ ತಾನಾಗಿ ಸಂದೇಶ ಹಾಕುವ ನಮ್ಮದೇ ಬಾಟ್ ಪ್ರತಿ ಸುತ್ತು ಮುಗಿದ ಕೂಡಲೇ ಸ್ಕೋರ್ ಹಾಕುತ್ತಿತ್ತು. ಅದು ನಮಗೆ ಹೊಳೆದೇ ಇರಲಿಲ್ಲ. ಬಾಟ್, ಡ್ರಾ ಪಟ್ಟಿಯ ಪುಟ, ಸೋಶಿಯಲ್ ಮೀಡಿಯಾ ನೋಡಿಕೊಳ್ಳುವ ಹುಡುಗ, ಎಲ್ಲರಿಗೂ ಅದೇ ತಡ ಅನ್ವಯಿಸಬೇಕು. ಆಟಗಾರರೇ ತಮ್ಮ ಚಾನೆಲ್‌ನಲ್ಲಿ ಸ್ಟ್ರೀಮ್ ಮಾಡುವುದಿದ್ದರೆ ಅವರಿಗೂ ಅಷ್ಟೇ. ನಿಯಮದ ಪುಸ್ತಕದಲ್ಲಿ ಸೆಕೆಂಡ್ ಸಮೇತ ಬರೆದಿಡಿ.

ಒಂದೇ ಸಭಾಂಗಣದಲ್ಲಿ ನಡೆಯುವ ಟೂರ್ನಿಯಲ್ಲಿ ಈ ತಡ ಅರ್ಧ ಕೆಲಸ ಮಾತ್ರ ಮಾಡುತ್ತದೆ. 2012ರ ಲೀಗ್ ಆಫ್ ಲೆಜೆಂಡ್ಸ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪ್ರೇಕ್ಷಕರಿಗೆಂದು ಇಟ್ಟ ದೊಡ್ಡ ಪರದೆಯನ್ನೇ ಆಟಗಾರನೊಬ್ಬ ಇಣುಕಿ ನೋಡಿದ್ದಕ್ಕೆ ಅಜುಬು ಫ್ರಾಸ್ಟ್ ತಂಡಕ್ಕೆ 30,000 ಡಾಲರ್ ದಂಡ ಬಿತ್ತು. ಸ್ಟ್ರೀಮ್ ಎಷ್ಟೇ ತಡವಾಗಿರಲಿ, ಕತ್ತು ತಿರುಗಿಸಿದರೆ ಕಾಣುವ ಪರದೆಗೆ ಅದು ಏನು ಮಾಡೀತು? ಪರದೆ ಆಟಗಾರರ ಕಣ್ಣಿಗೆ ಬೀಳದ ಕಡೆ ಇರಲಿ. ಜನರ ಕೂಗು ಕೇಳದ ಹೆಡ್‌ಸೆಟ್ ಇರಲಿ. ಜನ ‘ಓ...’ ಅಂತ ಏರುದನಿ ತೆಗೆದರೆ ಅದೂ ಸುಳಿವೇ ಅಲ್ವಾ?

ನೋಡುಗರ ಜೊತೆ ಹರಟುವ ಸುಖ ಮಾತ್ರ ಕೈತಪ್ಪುತ್ತದೆ. ಕಾಸ್ಟರ್ ಕೇಳಿದ ಪ್ರಶ್ನೆಗೆ ಚಾಟ್‌ನಲ್ಲಿ ಉತ್ತರ ಬರುವುದು ಮೂರು ನಿಮಿಷದ ಮೇಲೆ. ಮತದಾನ, ಬಹುಮಾನದ ಪ್ರಶ್ನೆ ಇದ್ದರೆ ಅದರ ಅವಧಿಗೂ ಮೂರು ನಿಮಿಷ ಸೇರಿಸಿ.

ಪಂದ್ಯ ಮುಗಿಯಿತು, ಎಲ್ಲರೂ ಎದ್ದರು. ಈಗ ‘ಸ್ಟಾಪ್’ ಒತ್ತಿ, ಆದರೆ ಒಬಿಎಸ್ ಮುಚ್ಚಬೇಡಿ. ನೋಡುಗರು ಇನ್ನೂ ಕೊನೆಯ ಸುತ್ತಿನಲ್ಲೇ ಇದ್ದಾರೆ. ಉಳಿದ ಸೆಕೆಂಡುಗಳು ಕೆಳಗಿನ ಪಟ್ಟಿಯಲ್ಲಿ ಇಳಿದು ಮುಗಿಯುವವರೆಗೆ ಕಾಯಿರಿ. ‘ಸ್ಟಾಪ್’ ಗುಂಡಿಯಲ್ಲೇ ಸಿಗುವ ‘ಡಿಸ್ಕಾರ್ಡ್ ಡಿಲೇ’ (ತಡದ ವಿಡಿಯೊ ಬಿಸಾಡು) ಒತ್ತಿದರೆ ಕೂಡಿಟ್ಟ ಅಷ್ಟೂ ವಿಡಿಯೊ ಯಾರಿಗೂ ಕಾಣದೆ ಹೋಗುತ್ತದೆ. ಯಾರಾದರೂ ಮೈಕ್‌ನಲ್ಲಿ ಹೇಳಬಾರದ್ದು ಹೇಳಿದ್ದರೆ, ಇಲ್ಲವೇ ಯಾರದ್ದೋ ಫೋನ್ ನಂಬರ್ ತೆರೆಯ ಮೇಲೆ ಬಂದಿದ್ದರೆ ಮಾತ್ರ ಅದಕ್ಕೆ ಕೈ ಹಾಕಿ.