ಬೆಕ್ಕನ್ನು ಹೊರಗೆ ಕಳಿಸದೆ ಬಸಿರು, ಬಾಣಂತನ ಮುಗಿಸಿದ್ದು: ನನ್ನ ಅನುಭವ

ಬಸುರಿ ಇರೋ ಮನೆಯಲ್ಲಿ ಬೆಕ್ಕು ಇರಬಾರದು ಅಂತ ನನಗೆ ಹೇಳದವರೇ ಇಲ್ಲ. ಯಾಕೆ ಅಂತ ಕೇಳಿದರೆ ಒಬ್ಬರು ಕೂದಲು ಹೊಟ್ಟೆಗೆ ಹೋಗುತ್ತೆ ಅಂದರು, ಇನ್ನೊಬ್ಬರು ಮಗುವಿನ ಉಸಿರು ಎಳೆಯುತ್ತೆ ಅಂದರು. ನಮ್ಮತ್ತೆಯಂತೂ "ಸುಮ್ನೆ ಯಾಕಮ್ಮ, ಮಾರ್ಕೆಟ್ ಹತ್ರ ಬಿಟ್ಟು ಬರೋಣ, ಅಲ್ಲಿ ಹೇಗೋ ಬದುಕಿಕೊಳ್ಳುತ್ತೆ" ಅಂದರು. ನಮ್ಮದು ಚಿಕ್ಕಬಳ್ಳಾಪುರದಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ನಮ್ಮ ಬೆಕ್ಕು ಚಿನ್ನಿ ಕೆಳಗೆ ಇಳಿಯೋದೇ ಇಲ್ಲ, ಇಲಿ ಹಿಡಿದಿದ್ದನ್ನ ನಾನು ನೋಡಿಲ್ಲ. ಅದನ್ನ ಮಾರ್ಕೆಟ್ಟಲ್ಲಿ ಬಿಟ್ಟರೆ ನಾಯಿ ಬಾಯಿಗೆ ಹಾಕಿದ ಹಾಗೇ.

ಡಾಕ್ಟರ್ ಕೇಳಿದ ಪ್ರಶ್ನೆ ಬೇರೆ ಇತ್ತು. "ಬೆಕ್ಕು ಇದೆಯಾ? ಇರಲಿ. ಅದರ ಕಕ್ಕ ಯಾರು ತೆಗೀತಾರೆ?" ನಾನೇ ಅಂದೆ. "ಇವತ್ತಿಂದ ನಿಮ್ಮ ಯಜಮಾನ್ರು ತೆಗೀಲಿ" ಅಂದರು. ನಮ್ಮನೆಯವರು ಪಕ್ಕದಲ್ಲೇ ಕೂತಿದ್ದರು, ತಪ್ಪಿಸಿಕೊಳ್ಳೋಕೆ ದಾರಿ ಇರಲಿಲ್ಲ.

ಭಯ ಇರೋದು ಟಾಕ್ಸೋಪ್ಲಾಸ್ಮಾ ಅನ್ನೋ ಪರಾವಲಂಬಿಯದು. ಕಣ್ಣಿಗೆ ಕಾಣದ ಜೀವಿ, 1908ರಲ್ಲೇ ಪತ್ತೆಯಾಗಿತ್ತು. ಬೆಕ್ಕಿನ ಹೊಟ್ಟೆಯಲ್ಲಿ ಇದು ಮೊಟ್ಟೆಯಂಥ ಕಣ ಮಾಡುತ್ತೆ, ಮಲದ ಜೊತೆ ಹೊರಗೆ ಬರುತ್ತೆ ಅಂತ ಪಕ್ಕಾ ಗೊತ್ತಾಗಿದ್ದು ಮಾತ್ರ 1970ರ ಹೊತ್ತಿಗೆ. ಬೆಕ್ಕಿಗೆ ಬರೋದು ಇಲಿ, ಹಕ್ಕಿ, ಹಸಿ ಮಾಂಸ ತಿಂದಾಗ. ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ ಒಂದರಿಂದ ಮೂರು ವಾರ ಮಲದಲ್ಲಿ ಹೊರಗೆ ಹಾಕುತ್ತೆ, ಆಮೇಲೆ ಬಹುತೇಕ ನಿಲ್ಲುತ್ತೆ. ಹಾಗಾಗಿ ಮನೆಯೊಳಗೇ ಇದ್ದು ಬೇಯಿಸಿದ್ದು ತಿನ್ನೋ ದೊಡ್ಡ ಬೆಕ್ಕಿಗಿಂತ, ಈಗಷ್ಟೇ ಬೇಟೆ ಕಲಿತ ಮರಿಗಳ ವಿಷಯದಲ್ಲೇ ಎಚ್ಚರ ಜಾಸ್ತಿ ಬೇಕು. ಬಸುರಿ ಇದ್ದಾಗ ಬೀದಿಯಿಂದ ಹೊಸ ಮರಿ ತರಬೇಡಿ ಅನ್ನೋದು ಇದಕ್ಕೇ.

ನನ್ನ ಇಡೀ ವ್ಯವಸ್ಥೆ ನಿಂತಿದ್ದು ಇನ್ನೊಂದು ವಿಷಯದ ಮೇಲೆ. ಆ ಕಣ ಹೊರಗೆ ಬಿದ್ದ ತಕ್ಷಣ ಸೋಂಕು ತರಲ್ಲ. ಅದು ಬಲಿಯೋಕೆ ಒಂದರಿಂದ ಐದು ದಿನ ಬೇಕು. ಅಂದರೆ ದಿನಾ ತೆಗೆದುಬಿಟ್ಟರೆ ಅರ್ಧ ಯುದ್ಧ ಗೆದ್ದ ಹಾಗೆ. ಮೂರು ದಿನಕ್ಕೊಮ್ಮೆ ತೆಗೆಯೋ ಮನೆಯಲ್ಲಿ ಗ್ಲೌಸ್ ಹಾಕಿಕೊಂಡರೂ ಅಪಾಯ ಉಳಿದೇ ಇರುತ್ತೆ.

ಟಾಕ್ಸೋಪ್ಲಾಸ್ಮಾದ ರಕ್ತ ಪರೀಕ್ಷೆಯಲ್ಲಿ ಐಜಿಜಿ, ಐಜಿಎಂ (ಸೋಂಕಿಗೆ ಎದುರಾಗಿ ದೇಹ ಮಾಡಿಕೊಳ್ಳೋ ಎರಡು ಬಗೆಯ ಪ್ರತಿಕಾಯ) ಎರಡೂ ನೆಗೆಟಿವ್ ಬಂತು. ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ನೆಗೆಟಿವ್ ಅಂದರೆ ನನಗೆ ಈ ಸೋಂಕು ಹಿಂದೆ ಯಾವತ್ತೂ ಬಂದಿಲ್ಲ, ದೇಹದಲ್ಲಿ ತಡೆಯೋ ಶಕ್ತಿ ಇಲ್ಲ ಅಂತ. ಐಜಿಜಿ ಪಾಸಿಟಿವ್, ಐಜಿಎಂ ನೆಗೆಟಿವ್ ಬಂದಿದ್ದರೆ ಅದು ಹಳೇ ಸೋಂಕು ಅಂತ ಡಾಕ್ಟರ್ ಸಮಾಧಾನ ಪಡುತ್ತಿದ್ದರು. ಐಜಿಎಂ ಪಾಸಿಟಿವ್ ಬಂತು ಅಂದ ಮಾತ್ರಕ್ಕೆ ಅಳುತ್ತಾ ಕೂರಬೇಡಿ, ಅದು ಸೋಂಕು ಆದಮೇಲೆ ತಿಂಗಳುಗಟ್ಟಲೆ ಉಳಿಯಬಹುದು. ಸೋಂಕು ಹಳೇದಾ ಹೊಸದಾ ಅಂತ ತಿಳಿಯೋಕೆ ಅವಿಡಿಟಿ ಅಂತ ಇನ್ನೊಂದು ಪರೀಕ್ಷೆ ಇದೆ, ಹೊಸದಾಗಿದ್ದರೆ ಸ್ಪೈರಾಮೈಸಿನ್‌ನಂಥ ಮಾತ್ರೆಗಳಿವೆ. ಮೊದಲ ತಿಂಗಳುಗಳಲ್ಲಿ ತಗುಲಿದರೆ ಮಗುವಿಗೆ ದಾಟೋ ಸಾಧ್ಯತೆ ಕಡಿಮೆ, ಆದರೆ ದಾಟಿದರೆ ಏಟು ದೊಡ್ಡದು. ಗರ್ಭಪಾತ ಆಗಬಹುದು, ಮಗುವಿನ ಮೆದುಳು, ಕಣ್ಣಿಗೆ ತೊಂದರೆ ಆಗಬಹುದು. ಕೊನೆಯ ತಿಂಗಳುಗಳಲ್ಲಿ ಇದರ ಉಲ್ಟಾ.

ಲಿಟರ್ ಬಾಕ್ಸನ್ನ (ಬೆಕ್ಕು ಕಕ್ಕ ಮಾಡೋ ಮರಳಿನಂಥ ಪುಡಿ ತುಂಬಿದ ಡಬ್ಬ) ಅಡುಗೆಮನೆ ಪಕ್ಕದ ಯುಟಿಲಿಟಿಯಿಂದ ಹಿಂದಿನ ಬಾಲ್ಕನಿಗೆ ಸಾಗಿಸಿದೆವು. ದಿನಾ ಬೆಳಗ್ಗೆ ಕಾಫಿಗೆ ಮುಂಚೆ ನಮ್ಮನೆಯವರು ಗ್ಲೌಸ್ ಹಾಕಿಕೊಂಡು, ಗಟ್ಟಿಯಾದ ಉಂಡೆಗಳನ್ನ ಸೌಟಿನಲ್ಲಿ ಎತ್ತಿ ಕವರಿಗೆ ಹಾಕಿ ಗಂಟು ಕಟ್ಟಿ ಕಸದ ಗಾಡಿಗೆ ಕೊಡುತ್ತಿದ್ದರು. ಹೂವಿನ ಕುಂಡಕ್ಕೆ ಗೊಬ್ಬರ ಅಂತ ಸುರಿಯೋ ಹಾಗಿಲ್ಲ, ಒದ್ದೆ ಮಣ್ಣಲ್ಲಿ ಆ ಕಣಗಳು ವರ್ಷಕ್ಕೂ ಮೇಲೆ ಬದುಕುತ್ತವೆ. ವಾರಕ್ಕೊಮ್ಮೆ ಬಾಕ್ಸ್ ಖಾಲಿ ಮಾಡಿ ಕುದಿಯೋ ನೀರು ಸುರಿದು ಸ್ವಲ್ಪ ಹೊತ್ತು ಬಿಟ್ಟು ತೊಳೆಯೋದು. ಬ್ಲೀಚಿಂಗ್ ಪೌಡರ್ ನಂಬಬೇಡಿ, ವಾಸನೆ ಹೋಗುತ್ತೆ ಅಷ್ಟೇ, ಈ ಕಣಕ್ಕೆ ಏನೂ ಆಗಲ್ಲ. ಅವರು ಊರಲ್ಲಿ ಇಲ್ಲದ ದಿನ ನಾನೇ ತೆಗೆದಿದ್ದೂ ಉಂಟು. ಗ್ಲೌಸ್ ಹಾಕಿಕೊಂಡು, ಆಮೇಲೆ ಸೋಪಲ್ಲಿ ಕೈ ಚೆನ್ನಾಗಿ ಉಜ್ಜಿ ತೊಳೆದೆ, ಆಯ್ತು. ಚಿನ್ನಿಗೆ ಕೋಳಿ ಅಂಗಡಿಯಿಂದ ತರುತ್ತಿದ್ದ ಕಾಲು, ಲಿವರ್ ಎಲ್ಲಾ ಕುಕ್ಕರಲ್ಲಿ ಬೇಯಿಸಿಯೇ ಹಾಕಿದೆವು.

ನಿಜ ಹೇಳಬೇಕು ಅಂದರೆ, ಬೆಕ್ಕನ್ನ ಮುಟ್ಟೋದರಿಂದ ಬರೋ ಅಪಾಯಕ್ಕಿಂತ ಅರೆಬೆಂದ ಮಾಂಸ, ಮಣ್ಣು ಮೆತ್ತಿದ ತರಕಾರಿಯಿಂದ ಬರೋದೇ ಜಾಸ್ತಿ. ಬೆಕ್ಕನ್ನ ಆಚೆ ಕಳಿಸಿ ಅಂದ ಅದೇ ಜನ ಕೊತ್ತಂಬರಿ ಸೊಪ್ಪನ್ನ ಒಂದು ಸಲ ನೀರಲ್ಲಿ ಅದ್ದಿ ಕೋಸಂಬರಿಗೆ ಹೆಚ್ಚಿ ಹಾಕುತ್ತಿದ್ದರು. ನಮ್ಮ ಕಡೆ ಕೊತ್ತಂಬರಿ ಬೇರಿನ ಸಮೇತ ಬರುತ್ತೆ, ಬುಡದಲ್ಲಿ ಕೆಂಪು ಮಣ್ಣು ಅಂಟಿಕೊಂಡಿರುತ್ತೆ. ಬೇರು ಕತ್ತರಿಸಿ, ಎಲೆ ಬಿಡಿಸಿ, ಪಾತ್ರೆ ತಳದಲ್ಲಿ ಮಣ್ಣು ಕಾಣದ ತನಕ ನೀರು ಬದಲಿಸಿ ತೊಳೆಯುತ್ತಿದ್ದೆ. ಕ್ಯಾರೆಟ್, ಮೂಲಂಗಿಗೂ ಅದೇ. ಬಸ್ಸಾರಿನ ಸೊಪ್ಪು ಹೇಗೂ ಬೇಯುತ್ತೆ, ಚಿಂತೆ ಇಲ್ಲ.

ಏಳನೇ ತಿಂಗಳಿಗೆ ಶಿಡ್ಲಘಟ್ಟದ ಹತ್ತಿರ ತವರಿಗೆ ಹೋದಾಗ ಲೆಕ್ಕವೇ ಬದಲಾಯಿತು. ಅಪ್ಪ ರೇಷ್ಮೆ ಸಾಕುತ್ತಾರೆ. ಹುಳದ ಮನೆ ಅಂದಮೇಲೆ ಇಲಿ ಇರುತ್ತೆ, ಇಲಿ ಇದ್ದಮೇಲೆ ಬೆಕ್ಕು ಬೇಕೇ ಬೇಕು. ಅಲ್ಲಿನ ಬೆಕ್ಕಿಗೆ ಬಾಕ್ಸೂ ಇಲ್ಲ, ಸೌಟೂ ಇಲ್ಲ. ಮನೆ ಮುಂದೆ ಕಾಂಪೌಂಡ್ ಕಟ್ಟೋಕೆ ಸುರಿದಿದ್ದ ಮರಳಿನ ಗುಡ್ಡೆಯೇ ಅದರ ಲಿಟರ್ ಬಾಕ್ಸ್. ಇಲಿ ತಿನ್ನೋ ಬೆಕ್ಕು, ಯಾರೂ ತೆಗೆಯದ ಮಲ, ಅದೇ ಮರಳಲ್ಲಿ ಆಡೋ ಅಣ್ಣನ ಮಕ್ಕಳು. ಬಾಡಿಗೆ ಮನೆಯ ಚಿನ್ನಿಯ ಬಗ್ಗೆ ದಿನಾ ಭಾಷಣ ಮಾಡಿದವರ್ಯಾರೂ ಈ ಗುಡ್ಡೆಯ ಬಗ್ಗೆ ಒಂದು ಮಾತು ಆಡಿರಲಿಲ್ಲ! ಟಾರ್ಪಾಲ್ ಹೊದಿಸಿ ಸುತ್ತ ಇಟ್ಟಿಗೆ ಇಡಿಸಿದೆ. ಮನೆ ಹಿಂದಿನ ಸೊಪ್ಪಿನ ಮಡಿಗೆ ನಾನು ಕೈ ಹಾಕಲಿಲ್ಲ, ಅಮ್ಮನೇ ಕಿತ್ತು ತೊಳೆದು ಕೊಡುತ್ತಿದ್ದರು. ಅಂದ ಹಾಗೆ, ಹುಳದ ಮನೆಗೆ ಫಾರ್ಮಾಲಿನ್ ಅನ್ನೋ, ರೋಗಾಣು ಕೊಲ್ಲೋ ಘಾಟು ದ್ರಾವಣ ಹೊಡೆಯೋ ದಿನ ದೊಡ್ಡಮ್ಮನ ಮನೆಗೆ ಹೋಗಿಬಿಡುತ್ತಿದ್ದೆ. ಅದು ಬೆಕ್ಕಿಗೆ ಸಂಬಂಧ ಇಲ್ಲದ ವಿಷಯ, ಆದರೆ ರೇಷ್ಮೆ ಸಾಕೋ ಮನೆಯ ಬಸುರಿಯರು ತಿಳಿದಿರಲಿ.

ಮಗು ಹುಟ್ಟಿದ ಮೇಲೆ ಟಾಕ್ಸೋ ಚಿಂತೆ ಕಡಿಮೆಯಾಯಿತು. ಎದೆಹಾಲಿನಿಂದ ಹರಡೋ ಸಾಧ್ಯತೆ ತೀರಾ ಕಡಿಮೆ. ಆಗ ಶುರುವಾದದ್ದು ಜಾಗದ ಜಗಳ. ಬೆಕ್ಕು ಉಸಿರು ಎಳೆಯಲ್ಲ, ಅದಕ್ಕೆ ಬೇಕಾಗಿರೋದು ಬೆಚ್ಚನೆ ಜಾಗ. ಹಳೇ ಸೀರೆಯ ಜೋಲಿ ಬೆಕ್ಕಿಗೂ ಇಷ್ಟ. ಮಗುವಿನ ಪಕ್ಕ ಮಲಗಿ ಮುಖಕ್ಕೆ ಒರಗಿದರೆ ಮೊದಲ ತಿಂಗಳುಗಳ ಕೂಸಿಗೆ ಮುಖ ಬಿಡಿಸಿಕೊಳ್ಳೋ ಶಕ್ತಿ ಸಾಲಲ್ಲ. ಛತ್ರಿ ಥರದ ಸೊಳ್ಳೆ ಪರದೆ ಇದೆಯಲ್ಲ, ಅದು ಬೆಕ್ಕಿಗೆ ತಡೆ ಅಂದುಕೊಳ್ಳಬೇಡಿ. ಊರಿನ ಬೆಕ್ಕು ಖಾಲಿ ಪರದೆ ಮೇಲೆ ಹಾರಿ ಕೂತಾಗ ಕಡ್ಡಿ ಬಾಗಿ ಬಟ್ಟೆ ಹಾಸಿಗೆಗೆ ತಾಗಿತ್ತು, ಒಳಗೆ ಮಗು ಇದ್ದಿದ್ದರೆ? ಅವತ್ತಿಂದ ಮಗು ಮಲಗಿದ ಕೋಣೆಯ ಬಾಗಿಲು ಹಾಕಿ ಚಿಲಕ, ಕಿಟಕಿಗೆ ಜಾಲರಿ. ಸೆಖೆ ಅಂತ ಅಮ್ಮ ಗೊಣಗಿದರು, ಫ್ಯಾನ್ ಹಾಕಿಕೊಂಡೆವು.

ಪರಚು, ಕಡಿತವನ್ನ ಹಗುರವಾಗಿ ತಗೋಬೇಡಿ. ಅರಿಶಿನ ಹಚ್ಚಿ ಸುಮ್ಮನಾಗೋದು ನಮ್ಮ ಕಡೆ ಇನ್ನೂ ಇದೆ. ಬೆಕ್ಕಿನಿಂದಲೂ ರೇಬಿಸ್ ಬರುತ್ತೆ, ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸೋದು ಸಾಧ್ಯವಿಲ್ಲದಷ್ಟು ಕಷ್ಟ. ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಆ ಲಸಿಕೆಯನ್ನ ಬಸುರಿಯರು, ಕೂಸುಗಳು ಎಲ್ಲರೂ ಹಾಕಿಸಿಕೊಳ್ಳಬಹುದು. ನಾನು ಹೆರಿಗೆಗೆ ಮುಂಚೆಯೇ ಚಿನ್ನಿಗೂ ಊರಿನ ಬೆಕ್ಕಿಗೂ ರೇಬಿಸ್ ಚುಚ್ಚುಮದ್ದು, ಜಂತುಹುಳದ ಔಷಧಿ ಎರಡೂ ಕೊಡಿಸಿದ್ದೆ. ಊರಿನ ಬೆಕ್ಕನ್ನ ಗೋಣಿಚೀಲದಲ್ಲಿ ಹಾಕಿ ಪಶು ಆಸ್ಪತ್ರೆಗೆ ಸ್ಕೂಟರಲ್ಲಿ ಒಯ್ದ ಅಣ್ಣನ ಕೈ ಪರಚಿ, ಅವನೂ ಸೂಜಿ ಹಾಕಿಸಿಕೊಳ್ಳಬೇಕಾಯಿತು.

ಈಗ ಮಗಳು ಅಂಬೆಗಾಲಿಡುತ್ತಾಳೆ, ಸಿಕ್ಕಿದ್ದೆಲ್ಲಾ ಬಾಯಿಗೆ. ಬೆಕ್ಕಿನ ಹೊಟ್ಟೆಯ ದುಂಡು ಹುಳದ ಮೊಟ್ಟೆಗಳೂ ಮಣ್ಣಲ್ಲಿ ಬಲಿತು ಮಕ್ಕಳ ಹೊಟ್ಟೆ ಸೇರಬಹುದು, ಅದಕ್ಕೇ ಚಿನ್ನಿಯ ಜಂತುಹುಳದ ಔಷಧಿ ತಪ್ಪಿಸಲ್ಲ. ಬಾಲ್ಕನಿ ಬಾಗಿಲಿಗೆ ಬೆಕ್ಕು ಮಾತ್ರ ನುಸುಳೋ ಅಷ್ಟು ಸಂದಿ ಬಿಟ್ಟು ಕೊಂಡಿ ಹಾಕಿದ್ದೇವೆ. ಮಗಳು ಕೈ ತೂರಿಸಿ ನೋಡುತ್ತಾಳೆ, ಬಾಕ್ಸ್ ಸಿಗಲ್ಲ. ನಡೆಯೋಕೆ ಶುರು ಮಾಡಿದ ಮೇಲೆ ಕೊಂಡಿಯನ್ನ ಇನ್ನೂ ಮೇಲಕ್ಕೆ ಹಾಕಿಸಬೇಕು, ಬಡಗಿಗೆ ಹೇಳಿಟ್ಟಿದ್ದೇನೆ.