ಸ್ಮಾರ್ಟ್ ಮೀಟರ್‌ನಿಂದ ಮನೆಯ ಗುಟ್ಟು ಸೋರುವುದು ಎಲ್ಲಿ, ತಡೆಯುವುದು ಹೇಗೆ?

ಸ್ಮಾರ್ಟ್ ಮೀಟರ್ ಕೂರಿಸಿದ ಮನೆಯವರಿಗೆ ಮೊದಲು ಬರುವ ಅನುಮಾನ ಇದು: ಮನೆಯಲ್ಲಿ ಯಾರೂ ಇಲ್ಲ ಎನ್ನುವುದು ಈ ಪೆಟ್ಟಿಗೆಯಿಂದ ಹೊರಗಿನವರಿಗೆ ಗೊತ್ತಾಗುತ್ತದೆಯೇ? ಗೊತ್ತಾಗಬಹುದು, ಆದರೆ ಹೆಚ್ಚಿನವರು ಹೆದರುವ ದಾರಿಯಿಂದಲ್ಲ. ಮೀಟರ್‌ನಿಂದ ವಿದ್ಯುತ್ ಕಂಪನಿಗೆ ಹೋಗುವ ಸಂದೇಶವನ್ನು ಗಾಳಿಯಲ್ಲೇ ಹಿಡಿದು ಓದುವುದು ಸುಲಭವಲ್ಲ. ಮೀಟರ್ ಮಾಹಿತಿ ವಿನಿಮಯಕ್ಕಿರುವ ಡಿಎಲ್‌ಎಂಎಸ್ ಎಂಬ ಮಾನದಂಡದ ಮೀಟರ್‌ಗಳಲ್ಲಿ, ಕೀಲಿ ಇಲ್ಲದವರು ಓದಲಾಗದಂತೆ ಅದಕ್ಕೆ 128 ಬಿಟ್‌ನ ಎಇಎಸ್ ಎಂಬ ಗೂಢಲಿಪಿ ಹಾಕುವ ಏರ್ಪಾಡಿದೆ. ಕಳ್ಳನಾದವನು ಅಷ್ಟು ಕಷ್ಟಪಡುವುದಿಲ್ಲ. ಮಾಹಿತಿ ಸೋರುವುದು ಆ ದಾರಿಯ ಎರಡು ತುದಿಗಳಲ್ಲಿ: ಗೋಡೆಯ ಮೇಲೆ ಮಿನುಗುವ ಪುಟ್ಟ ದೀಪದಲ್ಲಿ ಮತ್ತು ನಿಮ್ಮ ಫೋನಿನಲ್ಲಿರುವ ವಿದ್ಯುತ್ ಕಂಪನಿಯ ಆ್ಯಪ್‌ನಲ್ಲಿ. ಎರಡನ್ನೂ ಅರ್ಧ ದಿನದಲ್ಲಿ ಸರಿಪಡಿಸಬಹುದು.

ಮೀಟರ್‌ಗೆ ಗೊತ್ತಿರುವುದು ಎಷ್ಟು

ಫ್ರಿಜ್ ಯಾವುದು, ಟಿವಿ ಯಾವುದು ಎಂದು ಮೀಟರ್‌ಗೆ ತಿಳಿಯದು. ಅದು ಅಳೆಯುವುದು ಇಡೀ ಮನೆಯ ವೋಲ್ಟೇಜ್, ಕರೆಂಟ್, ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು) ಮತ್ತು ಯೂನಿಟ್. ಸಾಮಾನ್ಯವಾಗಿ 15 ಅಥವಾ 30 ನಿಮಿಷಕ್ಕೊಮ್ಮೆ ಬರೆದಿಡುತ್ತದೆ. 15 ನಿಮಿಷದ್ದಾದರೆ ದಿನಕ್ಕೆ 96 ಅಂಕಿ. ಮುಚ್ಚಳ ತೆರೆದದ್ದು, ಅಯಸ್ಕಾಂತ ಹಿಡಿದದ್ದು, ಕರೆಂಟ್ ಹೋಗಿ ಬಂದದ್ದು ಇವೆಲ್ಲ ಗಂಟೆ ನಿಮಿಷದ ಸಮೇತ ದಾಖಲಾಗುತ್ತವೆ.

ಆ 96 ಅಂಕಿಗಳಲ್ಲಿ ದಿನಚರಿ ಕಾಣುತ್ತದೆ. 2 ಕಿಲೋವ್ಯಾಟ್ ಗೀಜರ್ 15 ನಿಮಿಷ ಉರಿದರೆ ಅರ್ಧ ಯೂನಿಟ್. ಅಂಕಿಗಳನ್ನು ಗ್ರಾಫ್ ಮಾಡಿದಾಗ ಬೆಳಿಗ್ಗೆ ಅಲ್ಲೊಂದು ಗುಡ್ಡ ಎದ್ದರೆ ಮನೆಯವರು ಎದ್ದ ಹೊತ್ತು ಅದೇ. ಮನೆ ಖಾಲಿ ಇದ್ದ ದಿನ ಗುಡ್ಡಗಳಿಲ್ಲ, ಫ್ರಿಜ್ ಮತ್ತು ರೌಟರ್‌ನ ಸಣ್ಣ ಏರಿಳಿತ ಮಾತ್ರ. ಅಳತೆ ಸೆಕೆಂಡಿಗೊಮ್ಮೆ ಆದರೆ ಕಥೆಯೇ ಬೇರೆ: ಯಾವ ಉಪಕರಣ ಯಾವಾಗ ಆನ್ ಆಯಿತು ಎಂಬುದನ್ನೇ ಬಿಡಿಸಬಹುದು. ಈ ವಿಧಾನವನ್ನು ಅಮೆರಿಕದ ಎಂಐಟಿ ತಂತ್ರಜ್ಞಾನ ಸಂಸ್ಥೆಯಲ್ಲಿ ರೂಪಿಸಿದವರಲ್ಲಿ ಪ್ರಮುಖರಾದ ಜಾರ್ಜ್ ಹಾರ್ಟ್, ಇದರಿಂದ ಮನೆಯ ಮೇಲೆ ಕಣ್ಣಿಡಬಹುದು ಎಂದು 1989ರಲ್ಲೇ ಬರೆದಿದ್ದರು. ನ್ಯಾಯಾಲಯಗಳೂ ಇದನ್ನು ಹಗುರವಾಗಿ ತೆಗೆದುಕೊಂಡಿಲ್ಲ. ಅಮೆರಿಕದ ನೇಪರ್‌ವಿಲ್ ನಗರದ ಪ್ರಕರಣದಲ್ಲಿ, ಸರ್ಕಾರಿ ಸಂಸ್ಥೆ 15 ನಿಮಿಷಕ್ಕೊಮ್ಮೆ ಮಾಹಿತಿ ಪಡೆಯುವುದು ಮನೆಯ ‘ಶೋಧನೆ’ಯೇ ಎಂದು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು, ಆದರೆ ಅಲ್ಲಿನ ಉದ್ದೇಶ ಸಮಂಜಸ ಎಂದು ಅದಕ್ಕೆ ಅವಕಾಶ ಕೊಟ್ಟಿತು.

ನಿಮ್ಮ ಮನೆಯ ಲೆಕ್ಕ ಎಷ್ಟು ಬಾಯಿಬಡುಕ ಎಂದು ನೋಡಲು ಆ್ಯಪ್‌ನಿಂದ ಒಂದು ವಾರದ ಅಂಕಿಗಳನ್ನು ಇಳಿಸಿಕೊಂಡು ಗ್ರಾಫ್ ಮಾಡಿ. ನಿಮ್ಮ ದಿನಚರಿ ಗೊತ್ತಿಲ್ಲದ ಸ್ನೇಹಿತರೊಬ್ಬರಿಗೆ ಕೊಟ್ಟು ಮೂರು ಪ್ರಶ್ನೆ ಕೇಳಿ: ಎಷ್ಟು ಗಂಟೆಗೆ ಏಳುತ್ತೇವೆ? ಹಗಲು ಮನೆಯಲ್ಲಿ ಯಾರಾದರೂ ಇರುತ್ತಾರಾ? ಯಾವ ದಿನ ಮನೆ ಖಾಲಿ ಇತ್ತು? ಮೂರಕ್ಕೂ ಸರಿಯುತ್ತರ ಬಂದರೆ ಮುಂದಿನದನ್ನು ಇವತ್ತೇ ಮಾಡಿ.

ಮೊದಲ ಕೆಲಸ: ಖಾತೆ

ವಿದ್ಯುತ್ ಖಾತೆಯ ಪಾಸ್‌ವರ್ಡ್ ಬೇರೆಲ್ಲೂ ಬಳಸದ್ದಾಗಿರಲಿ, 14 ಅಕ್ಷರಕ್ಕೆ ಕಡಿಮೆ ಬೇಡ. ಎರಡು ಹಂತದ ಪರಿಶೀಲನೆ ಇದ್ದರೆ ಆನ್ ಮಾಡಿ. ನಂತರ ಹೆಚ್ಚಿನವರು ಮರೆಯುವ ಕೆಲಸ: ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಯಾರದ್ದು ಎಂದು ನೋಡಿ. ಬಾಡಿಗೆ ಮನೆಗಳಲ್ಲಿ ಹಳೆಯ ಬಾಡಿಗೆದಾರನ ಸಂಖ್ಯೆ ವರ್ಷಗಟ್ಟಲೆ ಹಾಗೇ ಉಳಿದಿರುತ್ತದೆ. ನೀವು ಯಾವಾಗ ಊರಿಗೆ ಹೋದಿರಿ ಎಂಬುದು ಅವನ ಫೋನಿನಲ್ಲಿ ಕಾಣುತ್ತಿರುತ್ತದೆ, ಅವನು ನೋಡದಿದ್ದರೆ ಅದು ಅವನ ಸೌಜನ್ಯ ಅಷ್ಟೇ. ದೂರವಾದ ಸಂಗಾತಿಯ ಫೋನಿನಲ್ಲಿ ಉಳಿದ ಲಾಗಿನ್ ಇನ್ನೂ ಅಪಾಯಕಾರಿ. ‘ಎಲ್ಲ ಸಾಧನಗಳಿಂದ ಲಾಗ್ ಔಟ್’ ಆಯ್ಕೆ ಇದ್ದರೆ ಮೊದಲು ಅದನ್ನು ಒತ್ತಿ, ಆಮೇಲೆ ಪಾಸ್‌ವರ್ಡ್ ಬದಲಿಸಿ, ಮತ್ತೊಮ್ಮೆ ಒತ್ತಿ. ಬರೀ ಪಾಸ್‌ವರ್ಡ್ ಬದಲಿಸಿದರೆ ಹಳೆಯ ಲಾಗಿನ್ ಕೆಲವು ಆ್ಯಪ್‌ಗಳಲ್ಲಿ ಬದುಕಿಯೇ ಇರುತ್ತದೆ.

ಖಾತೆಯ ಸೆಟ್ಟಿಂಗ್‌ನಲ್ಲಿ ಹೊರಗಿನ ಆ್ಯಪ್‌ಗಳಿಗೆ ಕೊಟ್ಟ ಒಪ್ಪಿಗೆಯ ಪಟ್ಟಿ ಇದ್ದರೆ, ಬಳಸದ್ದನ್ನೆಲ್ಲ ತೆಗೆಯಿರಿ. ಕಂಪನಿಗೆ ಬರಹದಲ್ಲಿ ಕೇಳಬೇಕಾದ್ದು: ಅಂಕಿ ಎಷ್ಟು ನಿಮಿಷಕ್ಕೊಮ್ಮೆ ಹೋಗುತ್ತದೆ, ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ, ಯಾರಿಗೆ ಕೊಡುತ್ತೀರಿ, ದಿನಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಮಾತ್ರ ತೆಗೆದುಕೊಳ್ಳಲು ಆಗುತ್ತದೆಯೇ. ಬ್ರಿಟನ್‌ನಂಥ ಕಡೆ ದಿನಕ್ಕೊಮ್ಮೆ ಮಾತ್ರ ಸಾಕು ಎನ್ನುವ ಆಯ್ಕೆ ಗ್ರಾಹಕರಿಗೆ ಇದೆ. ಹೊತ್ತಿಗೆ ತಕ್ಕ ದರದ ಯೋಜನೆ ತೆಗೆದುಕೊಂಡಿದ್ದರೆ ಮಾತ್ರ ಸಣ್ಣ ಅಂತರದ ಅಂಕಿ ಬಿಟ್ಟುಕೊಡಲೇಬೇಕಾಗುತ್ತದೆ.

‘ಬಿಲ್ ಬಾಕಿ ಇದೆ, ಇವತ್ತು ರಾತ್ರಿ ಕರೆಂಟ್ ಕಟ್’ ಎಂದು ಬರುವ ಕರೆಗೆ ಒಂದೇ ಉತ್ತರ: ಫೋನ್ ಇಟ್ಟು, ಬಿಲ್ಲಿನಲ್ಲಿ ಅಚ್ಚಾದ ಸಂಖ್ಯೆಗೆ ನೀವೇ ಕರೆ ಮಾಡುವುದು. ಒಟಿಪಿ ಕೇಳಿದರೆ, ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಕೊಳ್ಳಿ ಎಂದರೆ, ಅದು ಮೋಸ. ಮೀಟರ್ ‘ಅಪ್‌ಡೇಟ್’ ಮಾಡಲು ನಿಮ್ಮ ಒಟಿಪಿ ಬೇಕಿಲ್ಲ.

ಗೋಡೆಯ ಮೇಲಿನ ದೀಪ

ಮೀಟರ್ ಮುಖದ ಮೇಲೆ ಕೆಂಪು ದೀಪವೊಂದು ಮಿಟುಕುತ್ತದೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಟುಕು ಎಂಬ ಸಂಖ್ಯೆ ಇರುತ್ತದೆ, ಉದಾಹರಣೆಗೆ 1000, 1600 ಅಥವಾ 3200. ಎರಡು ಮಿಟುಕಿನ ನಡುವಿನ ಸೆಕೆಂಡು ಎಣಿಸಿದರೆ ಮನೆಯ ಈ ಕ್ಷಣದ ಲೋಡ್ ಸಿಗುತ್ತದೆ:

ವ್ಯಾಟ್ = 36,00,000 ÷ (ಮೀಟರ್ ಮೇಲಿನ ಸಂಖ್ಯೆ × ಸೆಕೆಂಡು)

3200ರ ಮೀಟರ್‌ನಲ್ಲಿ 10 ಸೆಕೆಂಡಿಗೊಮ್ಮೆ ಮಿಟುಕಿದರೆ ಸುಮಾರು 112 ವ್ಯಾಟ್, ಅಂದರೆ ಫ್ರಿಜ್ ಬಿಟ್ಟು ಬೇರೇನೂ ಇಲ್ಲ ಎನ್ನಬಹುದು. ಗೀಜರ್ ಜೊತೆಗೆ ಉಳಿದದ್ದೂ ಸೇರಿ 3 ಕಿಲೋವ್ಯಾಟ್ ಆದರೆ ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು ಸಲ ಮಿಟುಕುತ್ತದೆ. ಪಾಸ್‌ವರ್ಡ್ ಬೇಡ, ಉಪಕರಣ ಬೇಡ. ಗೇಟಿನ ಹೊರಗೆ ನಿಂತವನಿಗೂ ಕಂಡೀತು. ಸಂಜೆ ಏಳು ಗಂಟೆಗೆ ನೀವೇ ಗೇಟಿನ ಹೊರಗೆ ನಿಂತು ನೋಡಿ. ಕಂಡರೆ, ಅಪಾರದರ್ಶಕ ಬಾಗಿಲಿರುವ ಮೀಟರ್ ಪೆಟ್ಟಿಗೆ ಹಾಕಿಸಲು ಕಂಪನಿಯ ಅನುಮತಿ ಕೇಳಿ. ಪೆಟ್ಟಿಗೆ ಲೋಹದ್ದು ಬೇಡ, ಸಿಗ್ನಲ್ ಕುಗ್ಗುತ್ತದೆ. ಗಾಳಿಯಾಡಲು ಕೆಳಗೆ ಜಾಲರಿ ಇರಲಿ, ಕೀ ಸಿಬ್ಬಂದಿಗೆ ಸಿಗುವಂತಿರಲಿ.

ದೀಪಕ್ಕೆ ಟೇಪ್ ಅಂಟಿಸಬೇಡಿ. ಮೀಟರ್ ಪರೀಕ್ಷಿಸುವವರಿಗೆ ಅದೇ ದೀಪ ಬೇಕು. ಸೀಲ್ ಮುಟ್ಟಬೇಡಿ. ಅಲ್ಯೂಮಿನಿಯಂ ಹಾಳೆ ಸುತ್ತುವ ಸಲಹೆ ಎಲ್ಲೆಡೆ ಓಡಾಡುತ್ತದೆ, ಅದು ಶುದ್ಧ ಅಪಾಯ. ಹಾಳೆ ವಿದ್ಯುತ್ ವಾಹಕ, ಟರ್ಮಿನಲ್ (ವೈರ್‌ಗಳನ್ನು ಬಿಗಿದ ಜಾಗ) ಹತ್ತಿರ ಜಾರಿದರೆ ಶಾರ್ಟ್. ಸಿಗ್ನಲ್ ಸಿಗದ ಮೀಟರ್ ಸಂಪರ್ಕಕ್ಕೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಕೊನೆಗೆ ಅಂದಾಜು ಬಿಲ್ ಬರುತ್ತದೆ. ಗುಟ್ಟಂತೂ ಉಳಿಯದು, ಅಂಕಿಗಳು ಮೀಟರ್‌ನ ನೆನಪಿನಲ್ಲಿ ಇದ್ದೇ ಇರುತ್ತವೆ, ಸಂಪರ್ಕ ಬಂದಾಗ ಹೋಗುತ್ತವೆ.

ಜರ್ಮನಿಯ ಹೊಸ ಮೀಟರ್‌ಗಳಲ್ಲಿ ಹಳೆಯ ಬಳಕೆಯ ವಿವರ ಪರದೆಯ ಮೇಲೆ ಬರಬೇಕಾದರೆ ಟಾರ್ಚ್ ಬೆಳಕು ಮಿನುಗಿಸಿ ನಾಲ್ಕಂಕಿಯ ಪಿನ್ ಕೊಡಬೇಕು. ಮೋಜಾಗಿ ಕಂಡರೂ ಉಪಾಯ ಒಳ್ಳೆಯದು. ನಿಮ್ಮ ಮೀಟರ್‌ನಲ್ಲಿ ಬಟನ್ ಒತ್ತಿದೊಡನೆ ಎಲ್ಲವೂ ಕಾಣುವಂತಿದ್ದರೆ ಬೀಗದ ಪೆಟ್ಟಿಗೆಯೇ ಗತಿ.

ನೀವೇ ತಂದು ಹಾಕಿದ ಸಾಧನ

ಬಿಲ್ ಉಳಿಸಲು ಕೊಂಡ ಎನರ್ಜಿ ಮಾನಿಟರ್ (ಬಳಕೆ ತೋರಿಸುವ ಸಾಧನ) ಹಲವು ಮನೆಗಳಲ್ಲಿ ಮೀಟರ್‌ಗಿಂತ ದೊಡ್ಡ ತೂತು. ಮೇನ್ ವೈರ್‌ಗೆ ಕ್ಲ್ಯಾಂಪ್ ಹಾಕಿ ಅದು ಸೆಕೆಂಡಿಗೊಮ್ಮೆ ಅಳೆದು, ಎಲ್ಲೋ ಇರುವ ಸರ್ವರ್‌ಗೆ ಕಳಿಸುತ್ತದೆ. ಗ್ರಾಹಕರೇ ಅಂಕಿ ಓದಿಕೊಳ್ಳಲೆಂದು ಕೆಲವು ಮೀಟರ್‌ಗಳಲ್ಲಿರುವ ಪೋರ್ಟ್‌ಗೆ ಸಿಕ್ಕಿಸುವ ಸಾಧನವೂ ಹಾಗೆಯೇ. ನೆದರ್‌ಲ್ಯಾಂಡ್ಸ್‌ನಲ್ಲಿ ಪಿ1 ಎಂಬ ಇಂಥ ಪೋರ್ಟ್ ಹೊಸ ಮೀಟರ್‌ಗಳಲ್ಲಿ ಸೆಕೆಂಡಿಗೊಮ್ಮೆ ಅಂಕಿ ಕೊಡುತ್ತದೆ. ಇಂಥದ್ದಿದ್ದರೆ ಕ್ಲೌಡ್ ಇಲ್ಲದೆ ಮನೆಯೊಳಗೇ ಲೆಕ್ಕ ಇಡುವ ಮಾದರಿ ಆರಿಸಿ, ಡೀಫಾಲ್ಟ್ ಪಾಸ್‌ವರ್ಡ್ ಬದಲಿಸಿ, ಗೆಸ್ಟ್ ವೈಫೈಗೆ ಜೋಡಿಸಿ. ಕ್ಲ್ಯಾಂಪ್ ಹಾಕುವ ಕೆಲಸ ಎಲೆಕ್ಟ್ರಿಶಿಯನ್‌ದು: ಮೇನ್ ಆಫ್ ಮಾಡಿದರೂ ಮೀಟರ್ ಕಡೆಯ ವೈರ್‌ನಲ್ಲಿ ಕರೆಂಟ್ ಇರುತ್ತದೆ.

ದೂರದಿಂದ ಕರೆಂಟ್ ಕಡಿದರೆ

ಹಲವು ಸ್ಮಾರ್ಟ್ ಮೀಟರ್‌ಗಳೊಳಗೆ ದೂರದಿಂದ ಆಫ್ ಮಾಡುವ ಸ್ವಿಚ್ ಇದೆ. ಕಾರಣ ಬಾಕಿಯೋ ತಪ್ಪೋ, ಕರೆಂಟ್ ಹೋದೊಡನೆ ಕ್ಯಾಮೆರಾ, ವೈಫೈ, ಅಲಾರಂ ಎಲ್ಲವೂ ಕುರುಡು. ಇವಕ್ಕೆ ಬ್ಯಾಟರಿಯ ಆಸರೆ ಬೇಕು. ರೌಟರ್ 12 ವ್ಯಾಟ್, ಕ್ಯಾಮೆರಾ 6 ವ್ಯಾಟ್ ಎಂದರೆ ಒಟ್ಟು 18. 12 ವೋಲ್ಟ್ 7 ಆ್ಯಂಪ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್. ಪೂರ್ತಿ ಬಸಿಯುವಂತಿಲ್ಲವಾದ್ದರಿಂದ ಮೂರು ಗಂಟೆ ಎಂದು ಲೆಕ್ಕ ಹಿಡಿಯಿರಿ. ಮೇನ್ ಆಫ್ ಮಾಡಿ ಒಮ್ಮೆ ಪರೀಕ್ಷಿಸಿ: ಕ್ಯಾಮೆರಾ ಫೋನಿನಲ್ಲಿ ಕಾಣುತ್ತಿದೆಯೇ, ಎಲೆಕ್ಟ್ರಾನಿಕ್ ಬೀಗ ತೆರೆದುಕೊಂಡಿತೇ ಅಥವಾ ಮುಚ್ಚಿಯೇ ಇದೆಯೇ, ಕರೆಂಟ್ ಬಂದ ಮೇಲೆ ಎಲ್ಲವೂ ತಾನಾಗಿ ಶುರುವಾಗುತ್ತದೆಯೇ. ಕೊನೆಯದರಲ್ಲೇ ಅಗ್ಗದ ಕ್ಯಾಮೆರಾಗಳು ಕೈಕೊಡುವುದು.

ಊರಿಗೆ ಹೋಗುವಾಗ ಟೈಮರ್‌ಗೆ ಬಲ್ಬ್ ಹಾಕುವುದು ಬೀದಿಯಿಂದ ನೋಡುವವನಿಗೆ ಮಾತ್ರ. 9 ವ್ಯಾಟ್ ಎಲ್‌ಇಡಿ 15 ನಿಮಿಷದಲ್ಲಿ ತಿನ್ನುವುದು 0.00225 ಯೂನಿಟ್, ಗ್ರಾಫ್‌ನಲ್ಲಿ ಅದು ಗುಡ್ಡವಾಗದು. ಗುಡ್ಡ ಮಾಡಲೆಂದು ಗೀಜರ್, ಹೀಟರ್ ಆನ್ ಇಟ್ಟು ಹೋಗಬೇಡಿ, ಬೆಂಕಿಯ ಭಯ ಕಳ್ಳನ ಭಯಕ್ಕಿಂತ ದೊಡ್ಡದು.

ಮೀಟರ್ ಬದಲಿಸುವ ದಿನ, ಮನೆ ಬಿಡುವ ದಿನ

ಮೀಟರ್ ಬದಲಿಸಲು ಬಂದವರ ಗುರುತಿನ ಚೀಟಿ ನೋಡಿ, ಕಂಪನಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳುವವರೆಗೆ ಗೇಟ್ ತೆರೆಯಬೇಡಿ. ಹಳೆಯ ಮೀಟರ್‌ನ ಕೊನೆಯ ರೀಡಿಂಗ್, ಹೊಸದರ ಸೀರಿಯಲ್ ಸಂಖ್ಯೆ, ಸೀಲ್ ಸಂಖ್ಯೆ, ಆರಂಭದ ರೀಡಿಂಗ್: ನಾಲ್ಕರ ಫೋಟೊ ತೆಗೆಯಿರಿ. ಮರುದಿನ ಲೋಡ್ ಜೋರಾಗಿರುವಾಗ ಸುಟ್ಟ ವಾಸನೆ, ಚಿರಚಿರ ಸದ್ದು, ದೀಪಗಳ ಮಿಣುಕು ಇದೆಯೇ ಗಮನಿಸಿ. ಟರ್ಮಿನಲ್ ಸ್ಕ್ರೂ ಸಡಿಲ ಬಿಟ್ಟರೆ ಅಲ್ಲೇ ಕಾದು ಕರಗುತ್ತದೆ. ಕಂಡರೆ ಮೇನ್ ಆಫ್ ಮಾಡಿ ಕರೆ ಮಾಡಿ, ನೀವು ಬಿಗಿ ಮಾಡಲು ಹೋಗಬೇಡಿ.

ಮನೆ ಬಿಡುವಾಗ ಕೊನೆಯ ರೀಡಿಂಗ್‌ನ ಫೋಟೊ ತೆಗೆದು, ಖಾತೆಯಿಂದ ಮೀಟರ್ ತೆಗೆಸಿ, ಮಾನಿಟರ್‌ನ್ನು ಫ್ಯಾಕ್ಟರಿ ರೀಸೆಟ್ ಮಾಡಿ. ಹೊಸ ಮನೆಗೆ ಕಾಲಿಟ್ಟ ದಿನ ಅಲ್ಲಿಯ ಖಾತೆಗೆ ಯಾರ ಸಂಖ್ಯೆ ಇದೆ ಎಂದು ಕೇಳಿ.